ವೈಮಾನಿಕರ ಬುತ್ತಿ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಕನ್ನಡಿಗರ ಮನೆಮನೆಗಳಲ್ಲಿ ಕೇಳಿಬರುವುದು. ಎಷ್ಟು ಉಣ್ಣಬೇಕು, ಎಲ್ಲಿ ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬಾರದು ಎಂಬ ವಿವೇಕವೆಲ್ಲವೂ ಆ ಒಂದು ಮಾತಿನಲ್ಲಿ ಅಡಗಿದೆ. ತನ್ನ ದೇಹವೊಂದನ್ನೇ ಕಾಯಬೇಕಾದವನು ಈ ವಿವೇಕವನ್ನು ಮರೆತರೆ ಅದರ ಫಲವನ್ನು ತಾನೊಬ್ಬನೇ ಅನುಭವಿಸುವನು. ನೂರಾರು ಜನರ ಪ್ರಾಣಗಳನ್ನು ಕೈಯಲ್ಲಿ ಹಿಡಿದು ಸಾಗುವ ಸಾರಥಿಯು ಮರೆತರೆ ಅದರ ಫಲವು ಎಲ್ಲರ ಪಾಲಿಗೆ ಬರುವುದು. ಆದುದರಿಂದ ಆಕಾಶಯಾನದ ಇತಿಹಾಸದಲ್ಲಿ ವೈಮಾನಿಕನ ತುತ್ತು ಗುಟುಕುಗಳ ಸಂಗತಿಯು ಅಲ್ಪವಾಗಿ ತೋರಿದರೂ ವಿಚಾರಕ್ಕೆ ಯೋಗ್ಯವಾದುದು.

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಪ್ರಯಾಣಕ್ಕೂ ಬುತ್ತಿಗೂ ಬಿಡದ ನಂಟು. ತೆಳುವಾಗಿ ಬಡಿದು ಕಟಕಾಗಿ ಒಣಗಿಸಿದ ಜೋಳದ ರೊಟ್ಟಿಯೂ ಶೇಂಗಾದ ಹಿಂಡಿಯೂ ಹಲವು ದಿನ ಕೆಡದೆ ಬಾಳುವವು. ಎತ್ತಿನ ಬಂಡಿಯ ಕಾಲದಲ್ಲಿ ಸಾರಥಿಯ ಊಟವು ಯಾರಿಗೂ ಚಿಂತೆಯ ವಿಷಯವಾಗಿರಲಿಲ್ಲ. ಹೊತ್ತು ನೆತ್ತಿಗೇರಿದೊಡನೆ ಬಾವಿಯ ದಂಡೆಯಲ್ಲಿ ಎತ್ತುಗಳನ್ನು ಬಿಚ್ಚುವರು. ಎತ್ತು ಮೇಯುವಾಗ ಬಂಡಿಕಾರನೂ ಬುತ್ತಿಯ ಗಂಟನ್ನು ಬಿಚ್ಚುವನು. ಪಶುವಿನ ದಣಿವೇ ಮನುಷ್ಯನಿಗೆ ವಿರಾಮವನ್ನು ಗೊತ್ತುಮಾಡಿ ಕೊಡುತ್ತಿದ್ದಿತು.

೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು ಯಾದಗಿರಿಯನ್ನು ಹಾದು ರಾಯಚೂರಿಗೆ ಮುಟ್ಟಿ, ಅಲ್ಲಿ ಮದ್ರಾಸಿನ ಹಳಿಯೊಡನೆ ಕೂಡಿತು. ಅಂದಿನಿಂದ ಸಾರಥಿಯ ಬಾಳು ಬೇರೆಯಾಯಿತು. ಉಗಿಯ ಯಂತ್ರಕ್ಕೆ ಹಸಿವಾದರೆ ಕಲ್ಲಿದ್ದಲು, ಬಾಯಾರಿದರೆ ನೀರು. ಹೊತ್ತು ಮುಳುಗಿತೆಂದು ಅದು ಮಲಗುವುದಿಲ್ಲ. ಮೇಯುವ ಹೊತ್ತನ್ನು ವೇಳಾಪಟ್ಟಿಯು ನುಂಗಿತು. ಚಾಲಕನೂ ಬೆಂಕಿಯಾಳೂ ನಿಲ್ದಾಣದ ಗಳಿಗೆಗಳಲ್ಲಿ ತಿಂದು, ಒಬ್ಬನ ಕಣ್ಣು ಹಳಿಯ ಮೇಲಿರುವಾಗ ಮತ್ತೊಬ್ಬನು ಗುಟುಕರಿಸುವ ಪದ್ಧತಿಯನ್ನು ಕಲಿತುಕೊಂಡರು. ಇಬ್ಬರಿದ್ದರೆ ಒಬ್ಬನು ಉಣ್ಣಬಹುದೆಂಬ ಈ ಸರಳವಾದ ನೀತಿಯೇ ಮುಂದೆ ಆಕಾಶಕ್ಕೂ ಏರಿತು.

ಮೊದಮೊದಲಿನ ವೈಮಾನಿಕರಿಗೆ ಈ ಸೌಕರ್ಯವೂ ಇರಲಿಲ್ಲ. ೧೯೨೭ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಏಕಾಂಗಿಯಾಗಿ ಹಾರಿದ ಚಾರ್ಲ್ಸ್ ಲಿಂಡ್‌ಬರ್ಗ್ ತನ್ನೊಡನೆ ಐದು ಸ್ಯಾಂಡ್‌ವಿಚ್‌ಗಳನ್ನೂ ಸ್ವಲ್ಪ ನೀರನ್ನೂ ಒಯ್ದಿದ್ದನು. ಸುಮಾರು ೩೩ ಗಂಟೆ ೩೦ ನಿಮಿಷಗಳ ಆ ಹಾರಾಟದಲ್ಲಿ ಅವನ ಶತ್ರುವು ಹಸಿವಲ್ಲ, ನಿದ್ರೆ. ಭಾರತದಲ್ಲಿ ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಟಪಾಲನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕನು ಅದನ್ನು ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದನು. ಹೀಗೆ ಟಾಟಾ ಸಂಸ್ಥೆಯ ಮೊದಲನೆಯ ಟಪಾಲು ಯಾನವು ಕನ್ನಡದ ನೆಲವನ್ನು ಮುಟ್ಟಿ ಹೋದುದು ಸ್ಮರಣೀಯವಾಗಿದೆ. ಒಬ್ಬನೇ ಚಾಲಕನು ಒಂದೊಂದು ಹೆಜ್ಜೆಯನ್ನು ಹಾರಿ ನೆಲಕ್ಕಿಳಿದು ಎಣ್ಣೆ ತುಂಬಿಸಬೇಕಾಗಿದ್ದ ಆ ದಿನಗಳಲ್ಲಿ, ವಿಮಾನದ ಹಸಿವು ತೀರುವ ಸ್ಥಳವೇ ವೈಮಾನಿಕನ ಹಸಿವೂ ತೀರುವ ಸ್ಥಳವಾಗಿದ್ದಿತು. ಬಂಡಿಕಾರನ ಬಾವಿಯ ದಂಡೆಯು ಮತ್ತೊಂದು ರೂಪದಲ್ಲಿ ಅಲ್ಲಿ ಇನ್ನೂ ಉಳಿದಿದ್ದಿತು.

ಯಾದಗಿರಿಯ ಸೀಮೆಯು ಆಗ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದಿತು. ೧೯೪೫ರಲ್ಲಿ ನಿಜಾಮರ ಸರಕಾರವೂ ಟಾಟಾ ಸಂಸ್ಥೆಯೂ ಕೂಡಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಬೇಗಂಪೇಟೆಯು ಅದರ ನೆಲೆ. ಭಾರತದಲ್ಲಿ ವಾಣಿಜ್ಯ ವಿಮಾನವನ್ನು ನಡೆಸಿದ ಮೊದಲನೆಯ ಮಹಿಳೆಯಾದ ಪ್ರೇಮ್ ಮಾಥುರ್ ಅವರಿಗೆ ಉದ್ಯೋಗವನ್ನು ಕೊಟ್ಟ ಕೀರ್ತಿಯು ಈ ಕಂಪನಿಯದು. ೧೯೫೩ರಲ್ಲಿ ವಿಮಾನ ಕಂಪನಿಗಳು ರಾಷ್ಟ್ರೀಕೃತವಾದಾಗ ಇದು ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ಇಂತಹ ಕಂಪನಿಗಳು ಬಳಸುತ್ತಿದ್ದ ಡಕೋಟಾ ವಿಮಾನದ ಕಾಕ್‌ಪಿಟ್ಟಿನಲ್ಲಿ ಅಕ್ಕಪಕ್ಕದಲ್ಲಿ ಎರಡು ಆಸನಗಳಿದ್ದವು. ಒಬ್ಬನ ಕೈ ಚುಕ್ಕಾಣಿಯ ಮೇಲಿದ್ದರೆ ಮತ್ತೊಬ್ಬನ ಕೈ ಬುತ್ತಿಗೆ ಹೋಗಬಹುದಾಗಿತ್ತು. ರೈಲುಯಂತ್ರದ ಹಳೆಯ ನೀತಿಯು ಹೀಗೆ ಮುಗಿಲಿನಲ್ಲಿ ಮರಳಿ ಕಾಣಿಸಿತು.

ಆದರೆ ಇಬ್ಬರೂ ಒಂದೇ ಪಾತ್ರೆಯಿಂದ ಉಂಡರೆ ಗತಿಯೇನು? ಈ ಪ್ರಶ್ನೆಯನ್ನು ಲೋಕಕ್ಕೆ ಗಟ್ಟಿಯಾಗಿ ಕೇಳಿದ್ದು ೧೯೭೫ರ ಫೆಬ್ರವರಿ ತಿಂಗಳ ಒಂದು ಘಟನೆ. ಟೋಕಿಯೋದಿಂದ ಪ್ಯಾರಿಸಿಗೆ ಹೊರಟ ಜಪಾನ್ ಏರ್‌ಲೈನ್ಸಿನ ದೊಡ್ಡ ವಿಮಾನವೊಂದರಲ್ಲಿ ೩೪೪ ಪ್ರಯಾಣಿಕರಿದ್ದರು. ಅಲಾಸ್ಕಾದ ಆಂಕರೇಜಿನಲ್ಲಿ ತುಂಬಿಸಿದ ಬೆಳಗಿನ ಉಪಾಹಾರದಲ್ಲಿ ಹಂದಿಮಾಂಸ ಬೆರೆತ ಮೊಟ್ಟೆಯ ತಿನಿಸು ಇದ್ದಿತು. ಅದನ್ನು ಸಿದ್ಧಪಡಿಸಿದ ಅಡಿಗೆಯವನ ಬೆರಳುಗಳಲ್ಲಿ ಕೀವು ತುಂಬಿದ ಹುಣ್ಣುಗಳಿದ್ದವು. ತಿನಿಸನ್ನು ಸಾಕಷ್ಟು ತಂಪಿನಲ್ಲಿಡದೆ ಬಹಳ ಹೊತ್ತು ಕಳೆದಿದ್ದರು. ಹುಣ್ಣಿನ ಸೂಕ್ಷ್ಮಜೀವಿಗಳು ಬೆಳೆದು ವಿಷವನ್ನು ಉಂಟುಮಾಡಿದವು. ಕೋಪನ್‌ಹೇಗನ್ ಸಮೀಪಿಸುವಷ್ಟರಲ್ಲಿ ವಾಂತಿಭೇದಿಗಳು ಆರಂಭವಾಗಿ ೧೯೭ ಜನರು ಅಸ್ವಸ್ಥರಾದರು. ವೈಮಾನಿಕರು ಮಾತ್ರ ಕ್ಷೇಮವಾಗಿ ಉಳಿದರು. ಅವರ ದೇಹಕ್ಕೆ ಅದು ಬೆಳಗಿನ ಹೊತ್ತಾಗಿರದೆ ರಾತ್ರಿಯೂಟದ ಹೊತ್ತಾಗಿದ್ದುದರಿಂದ ಅವರು ಬೇರೆಯ ಊಟವನ್ನು ಮಾಡಿದ್ದರು. ಅಷ್ಟು ಜನರ ಪ್ರಾಣವನ್ನು ಉಳಿಸಿದುದು ಕೇವಲ ಈ ಆಕಸ್ಮಿಕವೇ. ದೈವವು ಒಮ್ಮೆ ಮಾಡಿದುದನ್ನು ಮನುಷ್ಯನು ನಿತ್ಯವೂ ಮಾಡಬೇಕೆಂಬ ಬುದ್ಧಿಯು ಇದರಿಂದ ಬಲವಾಯಿತು. ಮುಖ್ಯ ವೈಮಾನಿಕನಿಗೊಂದು, ಸಹವೈಮಾನಿಕನಿಗೆ ಬೇರೊಂದು ಅಡಿಗೆಯನ್ನು ಕೊಡುವ ಪದ್ಧತಿಯು ಅನೇಕ ಕಂಪನಿಗಳಲ್ಲಿ ನೆಲೆಗೊಂಡಿತು. ಪಂಕ್ತಿಭೇದವು ಸಾಮಾನ್ಯವಾಗಿ ನಿಂದ್ಯವಾದರೂ ಇಲ್ಲಿ ಅದು ರಕ್ಷೆಯಾಗಿದೆ.

ಅನ್ನದ ಅಪಾಯವು ಹೊಟ್ಟೆಯ ಮೂಲಕ ಬಂದರೆ ಪಾನೀಯದ ಅಪಾಯವು ಯಂತ್ರದ ಮೂಲಕ ಬರುವುದು. ಹಳೆಯ ವಿಮಾನಗಳಲ್ಲಿ ತಂತಿ ಸನ್ನೆಗಳೇ ಹೆಚ್ಚು. ಈಗಿನವುಗಳಲ್ಲಿ ಇಬ್ಬರ ನಡುವಣ ಹಲಗೆಯ ಕೆಳಗೆ ವಿದ್ಯುತ್ತಿನ ಸೂಕ್ಷ್ಮ ಉಪಕರಣಗಳು ತುಂಬಿವೆ. ೨೦೧೧ರ ಜನವರಿಯಲ್ಲಿ ಶಿಕಾಗೋದಿಂದ ಫ್ರಾಂಕ್‌ಫರ್ಟಿಗೆ ಹೊರಟ ವಿಮಾನವೊಂದರಲ್ಲಿ ಚೆಲ್ಲಿದ ಕಾಫಿಯು ಸಂಪರ್ಕದ ಉಪಕರಣವನ್ನು ಕೆಡಿಸಿ, ವಿಮಾನಾಪಹರಣವನ್ನು ಸಾರುವ ೭೫೦೦ ಎಂಬ ಸಂಕೇತವು ಹೊರಡುವಂತೆ ಮಾಡಿತು. ವಿಮಾನವು ಟೊರಾಂಟೋದಲ್ಲಿ ಇಳಿಯಬೇಕಾಯಿತು. ೨೦೧೯ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟಿನಿಂದ ಮೆಕ್ಸಿಕೋದ ಕ್ಯಾನ್‌ಕುನ್‌ಗೆ ೩೨೬ ಪ್ರಯಾಣಿಕರನ್ನು ಒಯ್ಯುತ್ತಿದ್ದ ಮತ್ತೊಂದು ವಿಮಾನದಲ್ಲಿ ಚೆಲ್ಲಿದ ಕಾಫಿಯಿಂದ ಹೊಗೆಯೆದ್ದು, ಅದು ಐರ್ಲೆಂಡಿನ ಶಾನನ್ನಿನಲ್ಲಿ ಇಳಿಯಿತು. ಕಾಕ್‌ಪಿಟ್ಟಿನಲ್ಲಿ ಬಟ್ಟಲು ಇಡುವ ಕುಳಿ ಇದ್ದರೂ ಕಂಪನಿಯು ಕೊಡುತ್ತಿದ್ದ ಬಟ್ಟಲು ಅದಕ್ಕೆ ಸರಿಹೊಂದುತ್ತಿರಲಿಲ್ಲವೆಂದು ವಿಚಾರಣೆಯಲ್ಲಿ ಹೊರಬಿದ್ದಿತು. ಬಟ್ಟಲಿನ ಅಳತೆಯ ಇಷ್ಟು ಸಣ್ಣ ದೋಷವು ಸಾಗರದ ಮೇಲೆ ಎಷ್ಟು ದೊಡ್ಡದಾಯಿತೆಂಬುದನ್ನು ಗಮನಿಸಬೇಕು. ಏರ್‌ಬಸ್ ಎ-೩೫೦ ಜಾತಿಯ ವಿಮಾನಗಳಲ್ಲಿ ದ್ರವವು ಚೆಲ್ಲಿ ಎಂಜಿನ್ನು ಸ್ಥಗಿತವಾದ ಎರಡು ಪ್ರಸಂಗಗಳ ತರುವಾಯ, ೨೦೨೦ರಲ್ಲಿ ಯೂರೋಪಿನ ವಿಮಾನ ಸುರಕ್ಷಾ ಸಂಸ್ಥೆಯು ಆ ಕಾಕ್‌ಪಿಟ್ಟಿನ ನಡುವಣ ಭಾಗದಲ್ಲಿ ದ್ರವವನ್ನು ನಿಷೇಧಿಸಿ ಆಜ್ಞೆ ಮಾಡಿತು.

ಭಾರತವೂ ಇದಕ್ಕೆ ಹೊರತಾಗಲಿಲ್ಲ. ೨೦೨೩ರ ಹೋಳಿಹಬ್ಬದ ದಿನ ದಿಲ್ಲಿಯಿಂದ ಗುವಾಹಟಿಗೆ ಹಾರುತ್ತಿದ್ದ ವಿಮಾನವೊಂದರಲ್ಲಿ ಕಾಫಿಯ ಬಟ್ಟಲೊಂದು ನಡುಹಲಗೆಯ ಮೇಲೆ ನಿಂತಿದ್ದ ಚಿತ್ರವು ಪ್ರಕಟವಾಯಿತು. ಜೊತೆಗೆ ಗುಜಿಯಾ, ಎಂದರೆ ಕನ್ನಡದ ಕರ್ಜಿಕಾಯಿಯ ಒಡಹುಟ್ಟಾದ ಭಕ್ಷ್ಯವೂ ಇದ್ದಿತು. ಇಬ್ಬರು ವೈಮಾನಿಕರನ್ನೂ ಕಂಪನಿಯು ಹಾರಾಟದ ಕೆಲಸದಿಂದ ದೂರವಿಟ್ಟಿತು. ಹಬ್ಬದ ಸಿಹಿಯಲ್ಲಿ ಪಾಪವಿರಲಿಲ್ಲ. ಅದನ್ನು ಇಟ್ಟ ಸ್ಥಳದಲ್ಲಿ ದೋಷವಿದ್ದಿತು. ಮದ್ಯದ ಮಾತೇ ಬೇರೆ. ಹಾರಾಟಕ್ಕೆ ಮುಂಚಿನ ೧೨ ಗಂಟೆಗಳೊಳಗೆ ವೈಮಾನಿಕನು ಮದ್ಯವನ್ನು ಮುಟ್ಟಬಾರದೆಂದು ಭಾರತದ ವಿಮಾನ ನಿಯಮಗಳು ವಿಧಿಸಿವೆ. ಉಸಿರಿನ ಪರೀಕ್ಷೆಯೂ ಉಂಟು.

ಇಷ್ಟು ಅಪಾಯಗಳಿದ್ದರೆ ಕಾಕ್‌ಪಿಟ್ಟಿನಲ್ಲಿ ಅನ್ನಪಾನಗಳನ್ನು ಪೂರ್ಣವಾಗಿ ನಿಷೇಧಿಸಬಾರದೇಕೆಂದು ವಾಚಕರಿಗೆ ಸಂಶಯವು ಬರಬಹುದು. ಆದರೆ ಉಪವಾಸವು ವ್ರತಕ್ಕೆ ಭೂಷಣವೇ ಹೊರತು ಸಾರಥ್ಯಕ್ಕಲ್ಲ. ಹಸಿದವನ ಗಮನವು ಚದರುವುದು, ನಿರ್ಣಯವು ತಡವಾಗುವುದು. ಎತ್ತರದಲ್ಲಿ ವಿಮಾನದೊಳಗಿನ ಗಾಳಿಯು ಬಹಳ ಒಣಗಿರುವುದರಿಂದ ನೀರಡಿಕೆಯು ಅರಿವಿಲ್ಲದೆ ದೇಹವನ್ನು ದಣಿಸುವುದು. ರಾತ್ರಿಯ ದೀರ್ಘ ಹಾರಾಟದಲ್ಲಿ ಒಂದು ಬಟ್ಟಲು ಕಾಫಿಯೂ ಜಾಗರಣೆಗೆ ಸಹಾಯಕ. ಪ್ರಯಾಣಿಕನ ಊಟವನ್ನು ಕಂಪನಿಯು ಉಪಚಾರವೆಂದು ಕೊಡಬಹುದು, ಬೆಲೆಗೆ ಮಾರಬಹುದು, ಬಿಟ್ಟೂ ಬಿಡಬಹುದು. ವೈಮಾನಿಕನ ಊಟವಾದರೋ ಯಂತ್ರಕ್ಕೆ ಹಾಕುವ ಎಣ್ಣೆಯಂತೆ ಪ್ರಯಾಣದ ಅಂಗವೇ ಆಗಿರುವುದು.

೧೯೫೬ರಲ್ಲಿ ಈ ಸೀಮೆಯು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಯಾದಗಿರಿಯು ತಾನೇ ಜಿಲ್ಲೆಯಾಯಿತು. ೨೦೧೯ರ ನವೆಂಬರಿನಲ್ಲಿ ನೆರೆಯ ಕಲಬುರಗಿಯಲ್ಲಿ ವಿಮಾನ ನಿಲ್ದಾಣವು ತೆರೆಯಿತು. ಆದರೂ ಶಹಾಪುರ ಸುರಪುರಗಳ ಬಹುಜನರಿಗೆ ಸಾರಥಿಯೆಂದರೆ ಇಂದಿಗೂ ಬಸ್ಸಿನ ಚಾಲಕನೇ. ಬೆಂಗಳೂರಿನ ದಾರಿಯಲ್ಲಿ ನಡುರಾತ್ರಿ ಬಸ್ಸು ಖಾನಾವಳಿಯ ಮುಂದೆ ನಿಂತು, ಚಾಲಕನು ಕೈತೊಳೆದು ಎಲೆಯ ಮುಂದೆ ಕುಳಿತಾಗ, ಹೊತ್ತಾಯಿತೆಂದು ಗೊಣಗುವ ಪ್ರಯಾಣಿಕರು ಉಂಟು. ವಿಮಾನಗಳು ಅರ್ಧಶತಮಾನದಲ್ಲಿ ಬೆಲೆತೆತ್ತು ಕಲಿತ ಪಾಠವನ್ನು ಅವರು ನೆನೆಯಬೇಕು. ಸಾರಥಿಯು ಶುಚಿಯಾದ ಅನ್ನವನ್ನು, ತಕ್ಕ ಹೊತ್ತಿನಲ್ಲಿ, ಯಂತ್ರದಿಂದ ಕೈತೆಗೆದು ಉಣ್ಣುವ ಆ ಹತ್ತು ನಿಮಿಷಗಳು ಪ್ರಯಾಣಿಕರ ಆಯುಷ್ಯದಿಂದ ಕಳೆದುಹೋಗುವುದಿಲ್ಲ, ಅದಕ್ಕೆ ಕೂಡಿಕೊಳ್ಳುತ್ತವೆ.