ಮುಟ್ಟದೆ ಕೊಟ್ಟ ಮದ್ದು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಬಡವರಿಗೆ ಡಾಕ್ಟ್ರು ಎಂದರೆ ಮೊದಲಿನಿಂದಲೂ ದೂರದ ಮನುಷ್ಯನೇ. ಕಾಯಿಲೆ ಕೈಮೀರಿತು ಎಂದರೆ ಮೈಸೂರಿನ ದೊಡ್ಡಾಸ್ಪತ್ರೆಗೇ ಹೋಗಬೇಕು. ಕೆ.ಆರ್. ನಗರದಿಂದ ಸುಮಾರು 40 ಕಿಲೋಮೀಟರು, ಹುಣಸೂರಿನಿಂದ 45, ಕೋಟೆಯಿಂದ 50, ಪಿರಿಯಾಪಟ್ಟಣದಿಂದ 70ರ ಹತ್ತಿರ. ಇದು ತಾಲ್ಲೂಕು ಪೇಟೆಯಿಂದ ಹಿಡಿದ ಲೆಕ್ಕ. ಹಾಡಿಯಿಂದ, ಕೇರಿಯಿಂದ ಬಸ್ಸು ನಿಲ್ಲುವ ಜಾಗದವರೆಗೆ ರೋಗಿಯನ್ನು ಎತ್ತಿಕೊಂಡು ನಡೆಯುವ ದಾರಿ ಇದರಲ್ಲಿ ಸೇರಿಲ್ಲ. ಜೊತೆಗೆ ಹೋದವನ ಆ ದಿನದ ಕೂಲಿಯೂ ಸೇರಿಲ್ಲ.

ಈಗ ಡಾಕ್ಟ್ರು ಫೋನಿನೊಳಗೇ ಬರುತ್ತಾರೆ. ಸರ್ಕಾರದ ಇ-ಸಂಜೀವನಿ ಇದೆ. ದುಡ್ಡು ಕಟ್ಟಿಸಿಕೊಂಡು, ಫೋನಿನಲ್ಲೇ ಮಾತಾಡಿ, ಚೀಟಿ ಬರೆದು, ಮನೆಗೇ ಮಾತ್ರೆ ಕಳಿಸುವ ಖಾಸಗಿ ಕಂಪನಿಗಳೂ ಇವೆ. ಇದು ಒಳ್ಳೇದೋ ಕೆಟ್ಟದ್ದೋ ಎಂದು ವಾದಿಸುವ ಗೆಳೆಯರಿಗೆ ನಾವು ಕೇಳುವುದು ಒಂದೇ ಪ್ರಶ್ನೆ: ಈ ದೂರವನ್ನು ಆರಿಸಿಕೊಂಡವರು ಯಾರು? ರೋಗಿಯೋ, ಡಾಕ್ಟ್ರೋ? ದೂರ ನಿಂತು ಮದ್ದು ಕೊಡುವುದು ಈ ದೇಶದಲ್ಲಿ ಹೊಸ ವಿದ್ಯೆಯೇನಲ್ಲ. ಅದಕ್ಕೊಂದು ಹಳೆಯ ಚರಿತ್ರೆ ಇದೆ. ಆ ಚರಿತ್ರೆಯನ್ನು ಮರೆತರೆ ಇಂದಿನ ಹಕ್ಕುಗಳ ಬೆಲೆ ನಮಗೆ ಗೊತ್ತಾಗುವುದಿಲ್ಲ.

ಆ ಚರಿತ್ರೆಯ ಒಂದು ದಾಖಲೆ ದೂರದ ಕಾಠಿಯಾವಾಡದ್ದು, ಅಂದರೆ ಇಂದಿನ ಗುಜರಾತಿನದು. ಆದರೂ ನಮ್ಮ ಹಳ್ಳಿ ಮೇಷ್ಟ್ರುಗಳಿಗೆ ಅದು ಪರದೇಶದ ಕಥೆ ಅನ್ನಿಸಲಾರದು. ಅದನ್ನು ಬರೆದವರೂ ಒಬ್ಬ ಹಳ್ಳಿ ಶಾಲೆಯ ಮೇಷ್ಟ್ರು, ದಲಿತ ಮೇಷ್ಟ್ರು. ಅವರ ಕಾಗದ 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಯಿತು. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಬರಹದಲ್ಲಿ ಅದನ್ನು ಸೇರಿಸಿಕೊಂಡರು.

ಆ ಮೇಷ್ಟ್ರ ಹೆಂಡತಿಗೆ ಹೆರಿಗೆಯಾಗಿ ಎರಡೇ ದಿನಕ್ಕೆ ಭೇದಿ ಹತ್ತಿತು, ಉಸಿರಾಟ ಕಷ್ಟವಾಯಿತು, ಪಕ್ಕೆಲುಬು ನೋವು. ಡಾಕ್ಟ್ರನ್ನು ಕರೆದರೆ ಕೇರಿಗೆ ಬರುವುದಿಲ್ಲ ಎಂದ. ಊರಿನ ದೊಡ್ಡವರ ಕಾಲು ಹಿಡಿದು, ಎರಡು ರೂಪಾಯಿ ಫೀಸಿಗೆ ಜಾಮೀನು ಕೊಡಿಸಿದ ಮೇಲೆ ಬಂದ. ಅದೂ ಒಂದು ಷರತ್ತಿನ ಮೇಲೆ: ರೋಗಿಯನ್ನು ಕೇರಿಯಿಂದಾಚೆ ತರಬೇಕು. ಹಸಿ ಬಾಣಂತಿಯನ್ನೂ ಕೂಸನ್ನೂ ಹೊರಗೆ ತಂದರು. ಡಾಕ್ಟ್ರು ಥರ್ಮಾಮೀಟರನ್ನು ಒಬ್ಬ ಮುಸ್ಲಿಮನ ಕೈಗೆ ಕೊಟ್ಟ. ಅವನು ಗಂಡನ ಕೈಗೆ, ಗಂಡ ಹೆಂಡತಿಗೆ. ವಾಪಸ್ಸು ಬಂದದ್ದೂ ಅದೇ ದಾರಿಯಲ್ಲಿ. ರಾತ್ರಿ ಎಂಟರ ಹೊತ್ತು. ದೀಪದ ಬೆಳಕಿನಲ್ಲಿ ಥರ್ಮಾಮೀಟರು ನೋಡಿ ನ್ಯುಮೋನಿಯಾ ಎಂದು ಹೇಳಿ ಹೊರಟುಹೋದ, ಮದ್ದು ಕಳಿಸಿದ. ಆಮೇಲೆ ಫೀಸು ಕೊಟ್ಟು ಕರೆದರೂ ಬರಲಿಲ್ಲ. ಆ ತಾಯಿ ತೀರಿಹೋದಳು.

ಇಲ್ಲಿ ಮದ್ದು ಸಿಕ್ಕಿತ್ತು ಎಂಬುದನ್ನು ಗಮನಿಸಿ. ಫೀಸೂ ಸಂದಿತ್ತು. ಇಂದಿನ ಕಂಪನಿಯ ಲೆಕ್ಕದಲ್ಲಿ ಸೇವೆ ಪೂರ್ತಿಯಾಗಿತ್ತು! ಸಿಗದೆ ಹೋದದ್ದು ಬೇರೆ. ನಾಡಿ ಹಿಡಿಯುವ ಕೈ ಸಿಗಲಿಲ್ಲ. ಎದೆಗೆ ಕಿವಿಗೊಡುವವರು ಸಿಗಲಿಲ್ಲ. ರೋಗ ಯಾವುದೆಂದು ಹೇಗೆ ಗೊತ್ತು ಮಾಡಿಕೊಂಡಿರಿ ಎಂದು ಕೇಳುವ ಬಾಯಿ ಇರಲಿಲ್ಲ. ಮತ್ತೆ ಬಂದು ನೋಡಿ ಎನ್ನುವ ಅಧಿಕಾರವಿರಲಿಲ್ಲ. ವೈದ್ಯ ಎಂಬುವನು ಮುಟ್ಟಿ ತಿಳಿಯಬೇಕಾದವನು. ಆದ್ದರಿಂದ ಅಸ್ಪೃಶ್ಯತೆ ಎಂಬುದು ದೇವಸ್ಥಾನದ ಬಾಗಿಲಲ್ಲಿ ಮಾತ್ರ ಇದ್ದ ರೋಗವಲ್ಲ, ಅದು ಮದ್ದಿನೊಳಗೂ ಹೊಕ್ಕಿತ್ತು.

ಸ್ವಾತಂತ್ರ್ಯ ಬಂದಮೇಲೆ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು ಬಂತು. ಅದರ 5ನೇ ಕಲಮಿನ ಪ್ರಕಾರ, ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಸಾರ್ವಜನಿಕ ಆಸ್ಪತ್ರೆಗೆ, ಔಷಧಾಲಯಕ್ಕೆ ಸೇರಿಸಿಕೊಳ್ಳದಿದ್ದರೆ ಅದು ಶಿಕ್ಷಾರ್ಹ ಅಪರಾಧ. ಹೀಗೆ ಬಾಗಿಲೇನೋ ತೆರೆಯಿತು. ಆದರೆ ಒಳಗೆ ಹೋದವನಿಗೆ ಹಕ್ಕುಂಟು ಎಂದು ಹೇಳುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯಿತು. 1996ರಲ್ಲಿ ಪಶ್ಚಿಮ ಬಂಗಾಳದ ಕೃಷಿಕೂಲಿಗಳ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಾಣಾಪಾಯದಲ್ಲಿರುವವನಿಗೆ ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡದಿದ್ದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ಈ ತೀರ್ಪು ತಂದವರು ಕೂಲಿಗಳು ಎಂಬುದು ನೆನಪಿರಲಿ. 2002ರ ವೈದ್ಯರ ನಡಾವಳಿ ನಿಯಮಗಳು, ರೋಗಿ ಕೇಳಿದ 72 ಗಂಟೆಯೊಳಗೆ ಅವನ ಚಿಕಿತ್ಸೆಯ ದಾಖಲೆ ಕೊಡಬೇಕು ಎಂದವು. 2016ರ ತಿದ್ದುಪಡಿ, ಮದ್ದಿನ ಮೂಲ ಹೆಸರನ್ನು ಓದಲು ಬರುವ ಹಾಗೆ ಬರೆಯಬೇಕು ಎಂದಿತು.

ಅದೇ 2002ರಲ್ಲಿ ದೂರದ ವೈದ್ಯ ನಮ್ಮ ಸೀಮೆಗೇ ಬಂದ. ಆಗ ಎಚ್.ಡಿ. ಕೋಟೆ ತಾಲ್ಲೂಕಿಗೆ ಸೇರಿದ್ದ, ಇಂದು ತಾನೇ ತಾಲ್ಲೂಕಾಗಿರುವ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಇಸ್ರೋ ತನ್ನ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಕಾಡಂಚಿನ ರೋಗಿಯ ಎದೆಯ ಪಟ ಬೆಂಗಳೂರಿನ ಹೃದಯ ತಜ್ಞರ ಕಣ್ಣಿಗೆ ಬೀಳುವ ಏರ್ಪಾಡು. ದೇಶದ ಮೊದಮೊದಲ ಇಂಥ ಪ್ರಯತ್ನಗಳಲ್ಲಿ ಇದೊಂದು. ಇದರಲ್ಲಿ ಒಂದು ಮುಖ್ಯ ಸಂಗತಿ ಇತ್ತು. ಯಂತ್ರದ ಈ ತುದಿಯಲ್ಲಿ ರೋಗಿ ಒಬ್ಬನೇ ಇರಲಿಲ್ಲ. ಅವನ ಪಕ್ಕದಲ್ಲಿ ಆಸ್ಪತ್ರೆ ಇತ್ತು, ಡಾಕ್ಟ್ರಿದ್ದರು, ಮುಟ್ಟುವ ಕೈ ಇತ್ತು. ದೂರದವರ ಮಾತು ಹತ್ತಿರದವರ ಕೈಗೆ ಬಲ ಕೊಡುತ್ತಿತ್ತು.

ಈ ನಂಟು 2020ರಲ್ಲಿ ಸಡಿಲವಾಯಿತು. ಕೊರೊನಾ ಬಂದು ಬಸ್ಸು ನಿಂತಿತು, ಹೊರರೋಗಿ ವಿಭಾಗಗಳು ಮುಚ್ಚಿದವು. 2019ರ ಕೊನೆಗೆ ಶುರುವಾಗಿದ್ದ ಇ-ಸಂಜೀವನಿ, 2020ರ ಏಪ್ರಿಲಿನಲ್ಲಿ ರೋಗಿ ಮನೆಯಿಂದಲೇ ನೇರವಾಗಿ ಕರೆಯುವ ದಾರಿಯನ್ನೂ ತೆರೆಯಿತು. ಅದಕ್ಕೆ ಸ್ವಲ್ಪ ಮುಂಚೆ, 2020ರ ಮಾರ್ಚ್ 25ರಂದು, ಕೇಂದ್ರ ಸರ್ಕಾರ ದೂರವೈದ್ಯದ ಮಾರ್ಗಸೂಚಿ ಹೊರಡಿಸಿತು. ಅದನ್ನು 2002ರ ನಿಯಮಗಳಿಗೇ ಸೇರಿಸಲಾಯಿತು, ಅಂದರೆ ಅದನ್ನು ಮುರಿದ ಡಾಕ್ಟ್ರು ವೈದ್ಯ ಮಂಡಳಿಗೆ ಉತ್ತರ ಹೇಳಬೇಕು. ಇದನ್ನು ನಮ್ಮ ಕಾರ್ಯಕರ್ತರು, ಮೇಷ್ಟ್ರುಗಳು ಬಾಯಿಪಾಠ ಮಾಡಬೇಕು ಎಂದೇ ಬಿಡಿಸಿ ಹೇಳುತ್ತೇವೆ.

ಡಾಕ್ಟ್ರು ತನ್ನ ಹೆಸರು ಹೇಳಬೇಕು. ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು. ರೋಗಿ ತಾನೇ ಕರೆದರೆ ಅದನ್ನು ಒಪ್ಪಿಗೆ ಎಂದು ತಿಳಿಯಬಹುದು. ಆದರೆ ಆರೋಗ್ಯ ಕಾರ್ಯಕರ್ತೆ ಕರೆ ಮಾಡಿದರೆ ರೋಗಿಯನ್ನು ಕೇಳಿ ಸ್ಪಷ್ಟ ಒಪ್ಪಿಗೆ ಪಡೆಯಲೇಬೇಕು. ನಮ್ಮ ಹಳ್ಳಿಗಳಿಗೆ ಇದೇ ಮುಖ್ಯ. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಕುಳಿತ ಸಮುದಾಯ ಆರೋಗ್ಯ ಅಧಿಕಾರಿಯೇ ದೂರದ ಡಾಕ್ಟ್ರಿಗೆ ಕರೆ ಮಾಡುವುದು. ಎದುರಿಗೆ ಕೂತ ಮುದುಕಿ ಸುಮ್ಮನಿದ್ದಳು ಎಂದರೆ ಒಪ್ಪಿದಳು ಎಂದಲ್ಲ. ಸಾವಿರ ವರ್ಷ ನಾವು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದೇ ಬರೆದುಕೊಂಡರಲ್ಲ!

ರೋಗ ಇಂಥದ್ದೆಂದು ತಕ್ಕಮಟ್ಟಿಗಾದರೂ ಗೊತ್ತುಮಾಡಿಕೊಳ್ಳದೆ ಮದ್ದು ಬರೆದರೆ ಅದು ವೃತ್ತಿಯ ದುರ್ನಡತೆ. ಕಾಠಿಯಾವಾಡದ ದೀಪದ ಬೆಳಕು ನೆನಪಾಗಲಿ. ಸಹಿ ಮಾಡಿದ ಚೀಟಿಯ ಪ್ರತಿ ರೋಗಿಗೆ ಸಿಗಬೇಕು. ಚೀಟಿಯನ್ನು ನೇರವಾಗಿ ಮೆಡಿಕಲ್ ಸ್ಟೋರಿಗೆ ಕಳಿಸುವುದಾದರೆ ರೋಗಿಯ ಒಪ್ಪಿಗೆ ಬೇಕು, ಯಾವ ಅಂಗಡಿ ಎಂಬುದು ರೋಗಿಯ ಇಷ್ಟ. ಇಂಥದೇ ಕಂಪನಿಯ ಮಾತ್ರೆಯನ್ನು ಇಂಥವರಿಂದಲೇ ಕೊಳ್ಳಿ ಎಂದು ಕಟ್ಟುಹಾಕುವಂತಿಲ್ಲ. ಫೀಸು ತೆಗೆದುಕೊಂಡರೆ ರಸೀತಿ ಕೊಡಬೇಕು. ಕೃತಕ ಬುದ್ಧಿಯ ಯಂತ್ರ ತಾನೇ ಸಲಹೆ ಹೇಳುವಂತಿಲ್ಲ, ಮದ್ದು ಬರೆಯುವಂತಿಲ್ಲ. ಕೆಲವು ಮದ್ದುಗಳನ್ನು ಫೋನಿನಲ್ಲಿ ಬರೆಯುವಂತೆಯೇ ಇಲ್ಲ. ರೋಗಿ ಯಾವ ಗಳಿಗೆಯಲ್ಲಾದರೂ ಮಾತು ನಿಲ್ಲಿಸಬಹುದು.

ಎಲ್ಲಕ್ಕಿಂತ ದೊಡ್ಡದು ಕೊನೆಯ ಮಾತು. ರೋಗಿ ನಾನೇ ಬರುತ್ತೇನೆ, ಎದುರಿಗೆ ಕೂತು ನೋಡಿ ಎಂದರೆ, ಬೇಡ ಫೋನಿನಲ್ಲೇ ಆಗಲಿ ಎಂದು ಡಾಕ್ಟ್ರು ಹಟ ಹಿಡಿಯುವಂತಿಲ್ಲ. ಹಿಡಿದರೆ ಅದೂ ದುರ್ನಡತೆಯ ಪಟ್ಟಿಯಲ್ಲೇ ಇದೆ. 1929ರಲ್ಲಿ ದೂರವನ್ನು ಆರಿಸುವ ಅಧಿಕಾರ ಪೂರ್ತಿಯಾಗಿ ಡಾಕ್ಟ್ರ ಕೈಯಲ್ಲಿತ್ತು. 2020ರ ಕಾಗದ ಅದನ್ನು ರೋಗಿಯ ಕೈಗೂ ಕೊಟ್ಟಿದೆ. ನಮ್ಮ ದೃಷ್ಟಿಯಲ್ಲಿ ಈ ಇಡೀ ಚರಿತ್ರೆಯ ತಿರುವು ಇರುವುದು ಈ ಒಂದು ಸಾಲಿನಲ್ಲಿ.

ಕಾಗದದಲ್ಲಿರುವುದು ಮೈಗೆ ಬರಬೇಕಲ್ಲ, ಕಷ್ಟ ಇರುವುದು ಅಲ್ಲೇ. ನಮ್ಮ ನಾಲ್ಕು ತಾಲ್ಲೂಕು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ಒದ್ದೆ ಎಲೆ ಮುರಿಯುವ ಕೂಲಿಯವಳ ಚರ್ಮದ ಮೂಲಕವೇ ನಿಕೋಟಿನ್ ಮೈಗೇರುತ್ತದೆ. ತಲೆಸುತ್ತು, ವಾಂತಿ, ತಲೆನೋವು. ಫೋನಿನ ಆಚೆಗಿರುವವರು ‘ಏನು ಕೆಲಸ ಮಾಡ್ತೀಯವ್ವ’ ಎಂದು ಕೇಳದಿದ್ದರೆ ಇದು ಬರೀ ಗ್ಯಾಸ್ಟ್ರಿಕ್ ಆಗಿಬಿಡುತ್ತದೆ. ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಅದೇ ಎಲೆ ಮುರಿಯಲು ಹೋಗುತ್ತಾಳೆ. ತನ್ನ ದುಡಿಮೆಯನ್ನು ಹೇಳಿಕೊಳ್ಳುವುದು, ತನ್ನ ನುಡಿಯಲ್ಲಿ ಹೇಳಿಕೊಳ್ಳುವುದು ಅವಳ ಹಕ್ಕು ಎಂದು ನಾವು ತಿಳಿಯುತ್ತೇವೆ. ಆದಿವಾಸಿ ಹಾಡಿಗಳಲ್ಲಿ ಕುಡುಗೋಲು ಕಣದ ರಕ್ತಹೀನತೆಗೆ ತಿಂಗಳಾನುಗಟ್ಟಲೆ ಮಾತ್ರೆ ನುಂಗಬೇಕಾದವರಿದ್ದಾರೆ. ಪ್ರತಿಸಲ ಮೈಸೂರಿಗೆ ಅಲೆಯದೆ ಚೀಟಿ ಮುಂದುವರಿಸಲು ಫೋನು ನಿಜವಾಗಿ ಅನುಕೂಲವೇ. ಆದರೆ ಆ ರೋಗಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾ ಮದ್ದಿಗೆ ಆಗಾಗ ರಕ್ತಪರೀಕ್ಷೆ ಬೇಕೇ ಬೇಕು. ರಕ್ತವನ್ನು ಫೋನು ತೆಗೆಯುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ನರ್ಸು, ಲ್ಯಾಬು ಇಲ್ಲದೆ ಬರೀ ಫೋನು ಕೊಟ್ಟರೆ ಅದು ಸರ್ಕಾರ ತನ್ನ ಹೊಣೆಯನ್ನು ತಂತಿಯ ಮೇಲೆ ಕಳಿಸಿ ಕೈತೊಳೆದುಕೊಂಡ ಹಾಗೆ. ಸರಗೂರಿನ ಪಾಠ ಇದೇ ಅಲ್ಲವೆ?

ಇನ್ನೊಂದು ಅನ್ಯಾಯ ಕಾನೂನಿನೊಳಗೇ ಕೂತಿದೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯಸೇವೆಯನ್ನು ಗ್ರಾಹಕ ಕಾಯಿದೆಯ ಕೆಳಗೆ ತಂದಿತು. ದುಡ್ಡು ಕೊಟ್ಟ ರೋಗಿ ಗ್ರಾಹಕನಾದ. ಆದರೆ ಎಲ್ಲರಿಗೂ ಪುಕ್ಕಟೆ ನೋಡುವ ಕಡೆಯ ಸೇವೆ ಆ ಕಾಯಿದೆಯ ಹೊರಗೇ ಉಳಿಯಿತು. ಹಾಗಾಗಿ ಕಂಪನಿಗೆ ಫೀಸು ಕಟ್ಟಿದವನು ಗ್ರಾಹಕ ಆಯೋಗಕ್ಕೆ ಹೋಗಬಹುದು. ಪುಕ್ಕಟೆ ಇ-ಸಂಜೀವನಿಯಲ್ಲಿ ಮದ್ದು ಪಡೆದ ಕೂಲಿಯವಳಿಗೆ ಆ ಬಾಗಿಲಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ 2017ರಲ್ಲಿ ಡಾಕ್ಟ್ರುಗಳ ಮುಷ್ಕರದ ನಡುವೆ ತಿದ್ದುಪಡಿ ಬಂತು, ರೋಗಿಗಳ ಸನ್ನದು ಸೇರಿತು, ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿ ಬಂತು. ಹೆಸರೇ ಹೇಳುವ ಹಾಗೆ ಅದೂ ಖಾಸಗಿಗೆ. ಬಿಟ್ಟಿ ಮದ್ದು ಪಡೆದವರಿಗೆ ಉಳಿದಿರುವುದು ಕರ್ನಾಟಕ ವೈದ್ಯಕೀಯ ಮಂಡಳಿಗೆ ದೂರು, ಮಾಹಿತಿ ಹಕ್ಕಿನ ಅರ್ಜಿ, ಕೋರ್ಟು, ಮತ್ತು ಸಂಘಟನೆ. ಆ ಪುಕ್ಕಟೆ ನಮ್ಮದೇ ತೆರಿಗೆಯ ದುಡ್ಡು. ಬೀಡಿ, ಬೆಂಕಿಪೊಟ್ಟಣ ಕೊಂಡ ಬಡವನೂ ತೆರಿಗೆ ಕೊಟ್ಟವನೇ. ಸರ್ಕಾರಿ ರೋಗಿಗೂ ಜಿಲ್ಲೆಯಲ್ಲೇ ದೂರು ಕೇಳುವ ಅಧಿಕಾರಸ್ಥಾನ ಬೇಕು ಎಂಬುದು ನಮ್ಮ ಒತ್ತಾಯವಾಗಬೇಕು.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಸಣ್ಣದು, ಆದರೆ ಇಂದೇ ಮಾಡಬಹುದಾದದ್ದು. ಓದು ಬಲ್ಲ ಹುಡುಗ ಹುಡುಗಿಯರು ಕೇರಿಯ, ಹಾಡಿಯ ಹಿರಿಯರು ಫೋನಿನ ಮುಂದೆ ಕೂತಾಗ ಪಕ್ಕದಲ್ಲಿ ಕೂರಬೇಕು, ಅದೂ ಅವರನ್ನು ಕೇಳಿಯೇ. ಹೆಂಗಸರ ಕಾಯಿಲೆಯಾದರೆ ಹೆಂಗಸರೇ ಕೂರಲಿ. ನಾಲ್ಕು ಪ್ರಶ್ನೆ ಕೇಳಲಿ: ನಿಮ್ಮ ಹೆಸರೇನು, ನೋಂದಣಿ ಸಂಖ್ಯೆ ಏನು? ನನಗೆ ಬಂದಿರುವ ರೋಗ ಯಾವುದು? ಈ ಮದ್ದು ಏನು ಮಾಡುತ್ತೆ, ಎಷ್ಟು ದಿನ, ಮೈಗೆ ಆಗದಿದ್ದರೆ ಯಾರನ್ನು ಕೇಳಲಿ? ಎದುರಿಗೆ ಬಂದು ತೋರಿಸಬೇಕೆಂದರೆ ಎಲ್ಲಿಗೆ ಬರಲಿ? ಉತ್ತರಗಳನ್ನು ಒಂದು ಹಳೇ ನೋಟ್ ಪುಸ್ತಕದಲ್ಲಿ ತಾರೀಖು ಸಮೇತ ಬರೆದಿಡಲಿ. ಚೀಟಿಯ ಪ್ರತಿಯನ್ನು ಅದರಲ್ಲೇ ಅಂಟಿಸಲಿ. ಆ ಪುಸ್ತಕ ರೋಗಿಯ ಮನೆಯಲ್ಲೇ ಇರಲಿ, ಬೇರೆ ಯಾರೂ ಅವರನ್ನು ಕೇಳದೆ ತೆರೆಯದಿರಲಿ.

ಕಾಠಿಯಾವಾಡದ ಮೇಷ್ಟ್ರು ಬರೆದಿಟ್ಟದ್ದರಿಂದಲೇ ಆ ಡಾಕ್ಟ್ರು ನಿಂತ ದೂರ ಎಷ್ಟೆಂದು ಇಂದಿಗೂ ನಮಗೆ ಗೊತ್ತಾಗುತ್ತಿದೆ. ನಮ್ಮ ಮೇಷ್ಟ್ರುಗಳೂ ಬರೆಯಲಿ. ಹೆಂಡತಿ ಸತ್ತಮೇಲೆ ಬರೆದ ಕಾಗದವಾಗದೆ, ರೋಗಿ ಬದುಕಿರುವಾಗಲೇ ಕೇಳಿ ಬರೆದ ಲೆಕ್ಕವಾಗಲಿ ಅದು.