ಪ್ರವಾಸ ಹೋದವರು, ಮನೆಯಲ್ಲಿ ಉಳಿದವರು

‘ಪ್ರವಾಸ’ ಎಂಬ ಪದ ಕಿವಿಗೆ ಬಿದ್ದೊಡನೆ ಇಂದಿನ ಕನ್ನಡಿಗರ ಮನಸ್ಸಿಗೆ ಬರುವುದು ರಜೆ, ಕಿಟಕಿ ಪಕ್ಕದ ಸೀಟು, ಚಿತ್ರಾನ್ನದ ಪೊಟ್ಟಣ ಇವುಗಳೇ ಹೊರತು ದುಃಖವಲ್ಲ. ಆದರೆ ಈ ಪದ ಹುಟ್ಟಿದ್ದು ಅಷ್ಟೇನೂ ಸಂತೋಷದ ಮನೆಯಲ್ಲಲ್ಲ. ಸಂಸ್ಕೃತದ ‘ವಸ್’ ಧಾತುವಿಗೆ ನೆಲೆಸು, ತಂಗು ಎಂಬ ಅರ್ಥವಿದ್ದು, ಅದಕ್ಕೆ ಮೊದಲು ‘ಪ್ರ’ ಎಂಬ ಉಪಸರ್ಗ, ಅಂದರೆ ಧಾತುವಿನ ಮುಂಭಾಗಕ್ಕೆ ಸೇರಿ ಅದರ ಅರ್ಥವನ್ನೇ ಬೇರೆ ಕಡೆಗೆ ತಿರುಗಿಸುವ ಪದಾಂಶ, ಬಂದು ಕೂಡಿದಾಗ ‘ತನ್ನ ನೆಲೆಯಿಂದ ದೂರವಾಗಿ ಇರುವುದು’ ಎಂಬ ಅರ್ಥ ಹೊರಡುತ್ತದೆ. ನಡೆಯುವುದಾಗಲಿ, ಸುತ್ತುವುದಾಗಲಿ, ನೋಡಿ ಬೆರಗಾಗುವುದಾಗಲಿ ಈ ಧಾತುವಿನಲ್ಲಿ ಇಲ್ಲವೇ ಇಲ್ಲ. ನಿವಾಸ, ಆವಾಸ, ವನವಾಸ, ಅಜ್ಞಾತವಾಸ, ಸೆರೆವಾಸ, ಸಹವಾಸ, ಕಡೆಗೆ ಏಕಾದಶಿಯ ಉಪವಾಸವೂ ಇದೇ ಮನೆತನಕ್ಕೆ ಸೇರಿದವುಗಳಾಗಿದ್ದು, ಲೆಕ್ಕ ಹಾಕಿ ನೋಡಿದರೆ ಈ ವಂಶದಲ್ಲಿ ಸುಖಪಟ್ಟವರಿಗಿಂತ ಕಷ್ಟಪಟ್ಟವರೇ ಹೆಚ್ಚು. ‘ಪ್ರವಾಸನ’ ಎಂಬ ಇದರ ಸೋದರ ಪದಕ್ಕಂತೂ ಊರಿನಿಂದ ಹೊರಗಟ್ಟುವುದು ಎಂಬ ಅರ್ಥವಿದ್ದು, ಅಮರಕೋಶವು ಅದನ್ನು ಕೊಲೆಗೆ ಇರುವ ಪರ್ಯಾಯ ಪದಗಳ ಸಾಲಿನಲ್ಲಿ ಸೇರಿಸಿದೆ. ಪ್ರವಾಸೋದ್ಯಮದ ಜಾಹೀರಾತು ಬರೆಯುವವರು ಆ ಒಂದು ‘ನ’ಕಾರದ ವಿಷಯದಲ್ಲಿ ಜಾಗರೂಕರಾಗಿರುವುದು ಒಳ್ಳೆಯದು.

ಕಾವ್ಯಶಾಸ್ತ್ರದಲ್ಲಿ ಈ ಪದಕ್ಕೆ ಒಂದು ಪಾರಿಭಾಷಿಕ ಸ್ಥಾನವೇ ಇದೆ. ಶೃಂಗಾರರಸವನ್ನು ಆಲಂಕಾರಿಕರು ಸಂಭೋಗ ಮತ್ತು ವಿಪ್ರಲಂಭ ಎಂದು, ಅಂದರೆ ಕೂಡಿದ್ದಾಗಿನ ಒಲವು ಮತ್ತು ಅಗಲಿದ್ದಾಗಿನ ಒಲವು ಎಂದು ಇಬ್ಭಾಗ ಮಾಡಿದರು. 14ನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವಿಪ್ರಲಂಭವನ್ನು ಮತ್ತೆ ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಂಗಡಿಸಿ, ಅವುಗಳಲ್ಲಿ ಪ್ರವಾಸವೆಂದರೆ ಗಂಡಹೆಂಡಿರು ಬೇರೆ ಬೇರೆ ದೇಶಗಳಲ್ಲಿ ಇರಬೇಕಾಗಿ ಬರುವುದು ಎಂದೂ, ಅದಕ್ಕೆ ಕೆಲಸ, ಶಾಪ, ಹಠಾತ್ತಾದ ಗಾಬರಿ ಎಂಬ ಮೂರು ಕಾರಣಗಳುಂಟು ಎಂದೂ ಹೇಳುತ್ತಾನೆ. ಪ್ರವಾಸಕ್ಕೆ ಕಾರಣವಾಗಿ ಹವಾ ಬದಲಾವಣೆಯಾಗಲಿ, ಊರು ನೋಡುವ ಆಸೆಯಾಗಲಿ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಶಾಪದಿಂದಾದ ಪ್ರವಾಸಕ್ಕೆ ಎಲ್ಲರೂ ಬಲ್ಲ ಉದಾಹರಣೆ ಕಾಳಿದಾಸನ ‘ಮೇಘದೂತ’ದ ಯಕ್ಷ; ಒಂದು ವರ್ಷ ಹೆಂಡತಿಯಿಂದ ದೂರವಿರಬೇಕಾದ ಅವನು ರಾಮಗಿರಿಯಲ್ಲಿ ಕುಳಿತು ಮೋಡಕ್ಕೆ ದಾರಿ ಹೇಳುವಾಗ ವಿದಿಶೆ, ಉಜ್ಜಯಿನಿ ಮುಂತಾದ ನೋಡತಕ್ಕ ಊರುಗಳನ್ನೆಲ್ಲ ಬಣ್ಣಿಸುತ್ತಾನಾದರೂ, ಶಾಸ್ತ್ರದ ಪ್ರಕಾರ ಆ ಊರುಗಳನ್ನು ನೋಡಿಕೊಂಡು ಹೋಗುವ ಮೋಡ ಪ್ರವಾಸಿಯಲ್ಲ, ಎಲ್ಲಿಗೂ ಹೋಗಲಾರದೆ ಕುಳಿತಿರುವ ಯಕ್ಷನೇ ಪ್ರವಾಸಿ. ಇತ್ತ ಮನೆಯಲ್ಲಿ ಉಳಿದ ಹೆಂಡತಿಗೂ ಶಾಸ್ತ್ರವು ‘ಪ್ರೋಷಿತಭರ್ತೃಕೆ’ ಎಂಬ ಹೆಸರಿಟ್ಟಿದೆ. ‘ಪ್ರೋಷಿತ’ವೆಂಬುದು ‘ಪ್ರವಾಸ’ದ ಧಾತುವಿನಿಂದಲೇ ಬಂದ ರೂಪವಾಗಿದ್ದು, ಯಾರ ಗಂಡ ದೂರದಲ್ಲಿದ್ದಾನೆಯೋ ಅಂಥವಳು ಎಂದು ಅದರ ಅರ್ಥ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಹೋದವನಿಗೂ ಉಳಿದವಳಿಗೂ ಒಂದೇ ಧಾತುವಿನಿಂದ ಹೆಸರು ಹುಟ್ಟಿದೆ. ಮನೆಯಲ್ಲಿ ಯಾರೂ ಕಾಯದೆ ಇದ್ದರೆ ಈ ಪದದ ಹಳೆಯ ಅರ್ಥ ಪೂರ್ತಿಯಾಗುವುದೇ ಇಲ್ಲ.

ಭಾರತದ ಬೇರೆ ಭಾಷೆಗಳಲ್ಲಿ ಆ ಹಳೆಯ ನೋವು ಇನ್ನೂ ಪೂರ್ತಿ ಮಾಸಿಲ್ಲ. ಹಿಂದಿಯಲ್ಲಿ ‘ಪ್ರವಾಸಿ’ ಎಂದರೆ ದುಡಿಯಲು ಊರು ಬಿಟ್ಟ ಕೂಲಿಕಾರ, ಇಲ್ಲವೇ ಹೊರದೇಶದಲ್ಲಿ ನೆಲೆಸಿದ ಭಾರತೀಯ. ಮಲಯಾಳಂನಲ್ಲಿ ಆ ಪದ ಕೊಲ್ಲಿ ದೇಶಗಳಿಗೆ ಹೋಗಿ ದುಡಿದು ಮನೆಗೆ ಹಣ ಕಳಿಸುವವನಿಗೆ ಸಲ್ಲುತ್ತದೆ. ರಾಮಾನಂದ ಚಟರ್ಜಿಯವರು 1901ರಲ್ಲಿ ಬಂಗಾಳದಿಂದ ದೂರದ ಅಲಹಾಬಾದಿನಲ್ಲಿದ್ದುಕೊಂಡು ಆರಂಭಿಸಿದ ಬಂಗಾಳಿ ಮಾಸಪತ್ರಿಕೆಗೆ ‘ಪ್ರಬಾಸಿ’ ಎಂದೇ ಹೆಸರಿಟ್ಟರು. ಮರಾಠಿಯ ದಾರಿ ಬೇರೆ. ಅಲ್ಲಿ ಪ್ರವಾಸವೆಂದರೆ ಬರಿಯ ಪ್ರಯಾಣ, ಪ್ರವಾಸಿ ಎಂದರೆ ಟಿಕೆಟ್ ಪಡೆದು ಗಾಡಿ ಹತ್ತಿದ ಯಾರಾದರೂ ಸರಿ. ಹೀಗಾಗಿ ಮುಂಬಯಿಯ ದಾದರ್ ನಿಲ್ದಾಣದಲ್ಲಿ ಮೊದಲ ಬಾರಿಗೆ ಇಳಿದ ಕನ್ನಡಿಗನಿಗೆ, ಕೈಯಲ್ಲಿ ಊಟದ ಡಬ್ಬಿ ಹಿಡಿದು ಬೆವರೊರೆಸಿಕೊಳ್ಳುತ್ತ ಲೋಕಲ್ ಗಾಡಿಗೆ ನುಗ್ಗುವ ಜನರನ್ನೆಲ್ಲ ಮರಾಠಿಯ ಫಲಕ ಪ್ರವಾಸಿಗಳೆಂದೂ, ಹಿಂದಿಯ ಘೋಷಣೆ ಯಾತ್ರಿಗಳೆಂದೂ ಕರೆಯುವುದು ವಿಚಿತ್ರವಾಗಿ ಕೇಳಿಸುತ್ತದೆ. ಕನ್ನಡದ ಕಿವಿಗೆ ಮೊದಲನೆಯದು ಮೋಜಿಗೆ ಹೊರಟವರನ್ನು, ಎರಡನೆಯದು ಕಾಶಿಗೆ ಹೊರಟವರನ್ನು ಸೂಚಿಸುವುದರಿಂದ, ಆಫೀಸಿಗೆ ಹೋಗುವ ಗುಮಾಸ್ತನೊಬ್ಬ ಒಂದೇ ಪ್ಲಾಟ್‌ಫಾರಂ ಮೇಲೆ ಏಕಕಾಲಕ್ಕೆ ಭೋಗಿಯೂ ಯೋಗಿಯೂ ಆಗಿಬಿಡುತ್ತಾನೆ. ಕನ್ನಡವು ಆ ಗುಮಾಸ್ತನಿಗೆ ‘ಪ್ರಯಾಣಿಕ’ ಎಂಬ ಪದವನ್ನು ಬೇರೆಯಾಗಿ ಎತ್ತಿಟ್ಟು, ‘ಪ್ರವಾಸಿ’ಯನ್ನು ನೋಡಲು ಬಂದವನಿಗೇ ಮೀಸಲಿರಿಸಿದೆ. ಈ ವಿಂಗಡಣೆ ಚೊಕ್ಕವಾದುದು, ಉಳಿಸಿಕೊಳ್ಳತಕ್ಕದ್ದು.

ಕನ್ನಡದ ಒಳಗೂ ಪದ ಒಂದೇ ಕಡೆ ಕುಳಿತಿಲ್ಲ. ಲೋಕೋಪಯೋಗಿ ಇಲಾಖೆಯ ‘ಪ್ರವಾಸಿ ಮಂದಿರ’ದಲ್ಲಿ ಊರು ನೋಡಲು ಬಂದವರಿಗಿಂತ ತನಿಖೆಗೆ ಬಂದ ಅಧಿಕಾರಿಗಳಿಗೇ ಕೋಣೆ ಬೇಗ ಸಿಗುತ್ತದೆ, ಮಂತ್ರಿಗಳ ‘ಜಿಲ್ಲಾ ಪ್ರವಾಸ’ದಲ್ಲಿ ನೋಡುವುದಕ್ಕಿಂತ ನೋಡಿಸಿಕೊಳ್ಳುವುದೇ ಹೆಚ್ಚು. ಆಡುಮಾತಿನಲ್ಲಿ ಟೂರ್, ಟ್ರಿಪ್ ಎಂಬ ಪದಗಳು ಬಂದು ಪ್ರವಾಸದ ಅರ್ಧ ಕೆಲಸವನ್ನು ವಹಿಸಿಕೊಂಡಿದ್ದು, ಅವುಗಳಲ್ಲಿ ‘ಟ್ರಿಪ್’ ಎಂಬುದು ಹಳ್ಳಿಯ ಬಸ್ಸಿನ ಕೊನೆಯ ಟ್ರಿಪ್ಪಿಗೂ ಲಾರಿಯವನ ಒಂದು ಟ್ರಿಪ್ ಮರಳಿಗೂ ಸಲ್ಲುವಷ್ಟು ಒಗ್ಗಿಹೋಗಿದೆ. ಯಕ್ಷಗಾನ ಮೇಳಗಳ ‘ತಿರುಗಾಟ’ವಂತೂ ವರ್ಷದ ದುಡಿಮೆಯ ಹೆಸರೇ ಆಗಿದೆ. ಆದರೆ ಹೆಚ್ಚಿನ ಕನ್ನಡಿಗರ ಬದುಕಿನಲ್ಲಿ ‘ಪ್ರವಾಸ’ ಮೊದಲು ಕಾಲಿಡುವುದು ಶಾಲೆಯ ‘ಶೈಕ್ಷಣಿಕ ಪ್ರವಾಸ’ದ ರೂಪದಲ್ಲಿ, ತಂದೆತಾಯಿಯ ಒಪ್ಪಿಗೆ ಪತ್ರ, ಕಟ್ಟಬೇಕಾದ ಹಣ, ನಸುಕಿಗೆ ಹೊರಡುವ ಬಸ್ಸು, ಗೇಟಿನ ಬಳಿ ಕೈಬೀಸುತ್ತ ನಿಂತ ತಾಯಿ. ಯಕ್ಷನ ಕಾಲದಲ್ಲಿ ಗಂಡ ಹೋಗಿ ಹೆಂಡತಿ ಉಳಿಯುತ್ತಿದ್ದರೆ, ಇಲ್ಲಿ ಮಕ್ಕಳು ಹೋಗಿ ಹೆತ್ತವರು ಉಳಿಯುತ್ತಾರೆ.

ಈಚೆಗೆ ಮೂರನೆಯ ಬಗೆಯೊಂದು ಕಾಣಿಸಿಕೊಂಡಿದೆ. ಗಂಡ, ಹೆಂಡತಿ, ಅವರ ಜೊತೆಗೆ ಒಬ್ಬ ಗೆಳತಿ ಅಥವಾ ಗೆಳೆಯ, ಹೀಗೆ ಮೂವರು ದೊಡ್ಡವರು ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಇರಿಸಿ, ನಾಲ್ಕು ದಿನ ಯಾವುದಾದರೂ ಮಹಾನಗರವನ್ನು ನೋಡಿಕೊಂಡು ಬರುವುದು. ಬೆಟ್ಟಕ್ಕೋ ಕಡಲತೀರಕ್ಕೋ ಹೋಗುವವರು ವಿಶ್ರಾಂತಿಯ ನೆಪ ಹೇಳಬಲ್ಲರು, ತೀರ್ಥಕ್ಷೇತ್ರಕ್ಕೆ ಹೋಗುವವರಿಗೆ ಹರಕೆಯ ನೆಪವಿದೆ; ಮುಂಬಯಿಯಂಥ ಊರಿಗೆ ಮಕ್ಕಳಿಲ್ಲದೆ ಸುಮ್ಮನೆ ಸುತ್ತಲು ಹೋಗುವವರಿಗೆ ಮಾತ್ರ ಯಾವ ನೆಪವೂ ಇರುವುದಿಲ್ಲ. ಇಂಥ ಪ್ರವಾಸವನ್ನು ಹೆಸರಿಸಲು ಕನ್ನಡದಲ್ಲಿ ಒಂಟಿ ಪದವಿಲ್ಲದೆ ಇರುವುದರಿಂದ ಜನ ‘ಮಕ್ಕಳನ್ನು ಬಿಟ್ಟು’ ಹೋದರು ಎನ್ನುತ್ತಾರೆ. ತೊಡಕು ಇರುವುದು ಈ ‘ಬಿಟ್ಟು’ ಎಂಬಲ್ಲಿಯೇ. ‘ಬಿಡು’ ಎಂಬ ಕ್ರಿಯಾಪದ ಕೈಚೀಲವನ್ನು ಕಪಾಟಿನಲ್ಲಿ ಬಿಟ್ಟುಬರುವುದಕ್ಕೂ, ಸಿಗರೇಟು ಬಿಡುವುದಕ್ಕೂ, ಹೆಂಡತಿಯನ್ನು ಬಿಡುವುದಕ್ಕೂ ಒಂದೇ ಆಗಿರುವುದರಿಂದ, ಅದರಲ್ಲಿ ತೊರೆದ ಪಾಪದ ವಾಸನೆ ತಾನಾಗಿಯೇ ಸೇರಿಕೊಳ್ಳುತ್ತದೆ. ‘ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದ್ರಿ?’ ಎಂಬ ಪ್ರಶ್ನೆಯನ್ನು ರೈಲಿನ ಎದುರು ಸೀಟಿನವರೂ ಕೇಳುತ್ತಾರೆ, ಅದನ್ನು ಹೆಂಗಸನ್ನು ನೋಡಿಯೇ ಕೇಳುತ್ತಾರೆ. ಪಕ್ಕದಲ್ಲಿ ಕುಳಿತ ಗಂಡನನ್ನು ಕೇಳುವವರು ವಿರಳ. ಪ್ರೋಷಿತಭರ್ತೃಕೆ ಮನೆ ಬಿಟ್ಟು ಹೊರಟಳೆಂದು ಭಾಷೆಗೆ ಇನ್ನೂ ಸುದ್ದಿ ತಲುಪಿಲ್ಲ.

ಮೂರನೆಯವರ ಸಂಗತಿಯೂ ಸರಳವಲ್ಲ. ಗಂಡಹೆಂಡಿರ ನಡುವೆ ಬಂದವರನ್ನು ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎಂದು ನಗೆಯಾಡುವ ರೂಢಿ ಕನ್ನಡದಲ್ಲಿದೆ, ಪ್ರವಾಸದ ಏರ್ಪಾಟು ಮಾಡುವ ಕಂಪನಿಗಳ ಭಾಷೆಯಲ್ಲಿಯೂ ಇಬ್ಬರಿಗೆ ‘ಹನಿಮೂನ್ ಪ್ಯಾಕೇಜ್’, ನಾಲ್ವರಿಗೆ ‘ಫ್ಯಾಮಿಲಿ ಪ್ಯಾಕೇಜ್’ ಇರುತ್ತದೆಯೇ ಹೊರತು ಮೂವರು ದೊಡ್ಡವರಿಗೆ ಹೆಸರಿಲ್ಲ. ಹೋಟೆಲಿನ ಲೆಕ್ಕದಲ್ಲಿ ಮೂರನೆಯವರು ‘ಎಕ್ಸ್‌ಟ್ರಾ ಬೆಡ್’ ಆಗಿ ಉಳಿಯುತ್ತಾರೆ. ಮೂವರಿಗೆಂದೇ ಅಳತೆ ಕೊಟ್ಟು ಮಾಡಿದಂತಿರುವ ವಾಹನವೆಂದರೆ ಆಟೋರಿಕ್ಷಾ ಒಂದೇ, ಆದರೆ ದಕ್ಷಿಣ ಮುಂಬಯಿಯಲ್ಲಿ ಆಟೋಗಳಿಗೆ ಪ್ರವೇಶವಿಲ್ಲ. ಹೀಗಿದ್ದರೂ ಹಳೆಯ ಕಾವ್ಯವನ್ನು ಬಲ್ಲವರಿಗೆ ಈ ಮೂರನೆಯ ವ್ಯಕ್ತಿ ಅಪರಿಚಿತಳೇನಲ್ಲ. ಅಲ್ಲಿ ಸಖಿ ಅಗಲಿದ ಇಬ್ಬರ ನಡುವೆ ಸುದ್ದಿ ಒಯ್ಯುತ್ತಿದ್ದಳು. ಇಲ್ಲಿ ಅಗಲಿಕೆಯೇ ಇಲ್ಲವಾದ್ದರಿಂದ ಅವಳು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೋ ತೆಗೆಯುತ್ತಾಳೆ, ಮೊದಲು ಎಲಿಫಂಟಾಕ್ಕೋ ಮೊದಲು ಊಟಕ್ಕೋ ಎಂಬ ಜಗಳದಲ್ಲಿ ಎರಡಕ್ಕೆ ಒಂದರ ಬಹುಮತವನ್ನು ಸಾಧ್ಯವಾಗಿಸುತ್ತಾಳೆ. ರಾಮ, ಸೀತೆ, ಲಕ್ಷ್ಮಣರು ಮೂವರು ದೊಡ್ಡವರೇ ಆಗಿದ್ದು, ಮಕ್ಕಳ ಗೊಡವೆಯಿಲ್ಲದೆ ಹದಿನಾಲ್ಕು ವರ್ಷಗಳ ಬಹುಪಾಲನ್ನು ಒಟ್ಟಿಗೆ ತಿರುಗಿ ಕಳೆದರೆಂಬುದನ್ನು ನೆನೆದರೆ, ಈ ಕೂಟಕ್ಕೆ ಪೂರ್ವೋದಾಹರಣೆ ಇಲ್ಲವೆನ್ನುವಂತಿಲ್ಲ. ಅದನ್ನು ವನವಾಸವೆಂದರು, ಅಷ್ಟೆ.

ಇಂಥ ಮೂವರು ಮುಂಬಯಿಯಲ್ಲಿ ಮಾಡುವುದೇನೆಂದರೆ, ಮಕ್ಕಳಿದ್ದರೆ ಮಾಡಲಾಗದ್ದನ್ನು ಮಾಡುವುದು, ಅಂದರೆ ನಿಲ್ಲುವುದು. ಎಫ್. ಡಬ್ಲ್ಯು. ಸ್ಟೀವನ್ಸ್ ರೂಪಿಸಿದ, 1878ರಲ್ಲಿ ಕೆಲಸ ಆರಂಭವಾಗಿ ಮುಗಿಯಲು ಹತ್ತು ವರ್ಷ ಹಿಡಿದ ಹಳೆಯ ವಿಕ್ಟೋರಿಯಾ ಟರ್ಮಿನಸ್ಸಿನ ಎದುರು ಅರ್ಧ ಗಂಟೆ ತಲೆಯೆತ್ತಿ ನಿಂತು ಕಲ್ಲಿನಲ್ಲಿ ಕೆತ್ತಿದ ಪ್ರಾಣಿಗಳನ್ನು ಎಣಿಸಬಹುದು. ಲಾಂಚಿನಲ್ಲಿ ಸುಮಾರು ಒಂದು ಗಂಟೆ ಕುಳಿತು ಎಲಿಫಂಟಾ ದ್ವೀಪಕ್ಕೆ ಹೋಗಿ, ಮೂರು ಆಳೆತ್ತರದ ಮುಮ್ಮುಖದ ಶಿವನ ಮುಂದೆ ಯಾರೂ ‘ಬಾಯಾರಿಕೆ’ ಎನ್ನದಿರುವ ಮೌನವನ್ನು ಅನುಭವಿಸಬಹುದು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಹೊತ್ತು ಮುಳುಗಿದ ಮೇಲೂ ಕುಳಿತಿರಬಹುದು. ಆದರೆ ರಾತ್ರಿ ಎಂಟಕ್ಕೆ ಫೋನಿನ ಪರದೆಯ ಮೇಲೆ ಮಕ್ಕಳ ಮುಖ ಮೂಡುತ್ತದೆ, ಅಜ್ಜಿ ಮಾಡಿದ ಸಾರಿನ ಮೇಲೆ ದೂರು, ಹೋಂವರ್ಕಿನ ವರದಿ, ನಡುವೆ ಏನು ತರುತ್ತೀರೆಂಬ ಪ್ರಶ್ನೆ, ಅನಂತರ ತಾಯಿಯ ಧ್ವನಿಯಲ್ಲಿ ಸಣ್ಣದೊಂದು ಬಿರುಕು. ಪ್ರವಾಸದಿಂದ ವಿರಹ ಹೋಗಿಲ್ಲ, ಶೃಂಗಾರದಿಂದ ವಾತ್ಸಲ್ಯಕ್ಕೆ ವರ್ಗವಾಗಿದೆ. ಪ್ರವಾಸವನ್ನು ದಂಪತಿಯ ಅಗಲಿಕೆಯೆಂದ ಅದೇ ವಿಶ್ವನಾಥನು ವತ್ಸಲವನ್ನು, ಅಂದರೆ ಮಕ್ಕಳ ಮೇಲಿನ ಒಲುಮೆಯನ್ನು ಸ್ಥಾಯಿಯಾಗಿ ಉಳ್ಳ ರಸವನ್ನು, ಒಂಬತ್ತರ ಆಚೆಗೆ ಹತ್ತನೆಯದಾಗಿ ಒಪ್ಪಿಕೊಂಡವನೂ ಹೌದು. ಆದರೆ ಎರಡನ್ನೂ ಒಂದೇ ಪ್ರಯಾಣದಲ್ಲಿ ಸೇರಿಸುವ ಪ್ರಮೇಯ ಅವನಿಗೆ ಬಂದಿರಲಿಲ್ಲ.

ಇದೇ ಮುಂಬಯಿಗೆ ದಕ್ಷಿಣ ಕನ್ನಡದಿಂದಲೂ ಉತ್ತರ ಕನ್ನಡದಿಂದಲೂ ಹೋಗಿ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿದವರನ್ನು ಕನ್ನಡ ಎಂದೂ ಪ್ರವಾಸಿಗಳೆನ್ನಲಿಲ್ಲ, ಶಾಸ್ತ್ರದ ಲೆಕ್ಕದಲ್ಲಿ ನಿಜವಾದ ಪ್ರವಾಸಿಗಳು ಅವರೇ ಆಗಿದ್ದರೂ. ಮಾಟುಂಗದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1942ರಿಂದ ಬಾಳೆಎಲೆಯ ಮೇಲೆ ಊಟ ಬಡಿಸುತ್ತ ಬಂದಿರುವ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವು ಊರಿಂದ ದೂರವಿದ್ದವರು ಕಟ್ಟಿಕೊಂಡ ನೆಲೆಗಳು. ಈಗ ಊರು ನೋಡಲು ಬಂದ ಮೂವರು ಅಲ್ಲಿ ಎಲೆಯ ಮುಂದೆ ಕುಳಿತು ಸಾರಿಗೆ ಕೈಯೊಡ್ಡುವಾಗ, ಪದದ ಹೊಸ ಅರ್ಥ ಹಳೆಯ ಅರ್ಥದ ಮನೆಯಲ್ಲಿ ಉಣ್ಣುತ್ತದೆ.

ಎಲಿಫಂಟಾದ ಲಾಂಚು ಹೊರಡುವ ಅಪೊಲೊ ಬಂದರಿನಲ್ಲಿ ನಿಂತಿರುವ ಗೇಟ್‌ವೇ ಆಫ್ ಇಂಡಿಯಾ ಕೂಡ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ದಂಪತಿಯ ನೆನಪಿಗೆ ಕಟ್ಟಿದ ಕಮಾನು. 1911ರ ಡಿಸೆಂಬರ್ 2ರಂದು ಇಲ್ಲಿ ಇಳಿದ ಐದನೆಯ ಜಾರ್ಜ್ ಮತ್ತು ರಾಣಿ ಮೇರಿಯವರ ಆರು ಮಕ್ಕಳು ಆಗ ಇಂಗ್ಲೆಂಡಿನಲ್ಲಿದ್ದರು. ಕಮಾನಿನ ಮೇಲಿನ ಬರಹದಲ್ಲಿ ದಂಪತಿಯ ಹೆಸರೂ ಇಳಿದ ದಿನವೂ ಇವೆ, ಮಕ್ಕಳ ಮಾತಿಲ್ಲ. ಕಮಾನು ಪೂರ್ತಿಯಾಗುವ ಮೊದಲೇ, 1915ರ ಜನವರಿ 9ರಂದು, ಇದೇ ಬಂದರಿನಲ್ಲಿ ಗಾಂಧಿ ಮತ್ತು ಕಸ್ತೂರಬಾ ಇಳಿದರು; ಆ ದಿನವನ್ನೇ ಸರ್ಕಾರ 2003ರಿಂದ ‘ಪ್ರವಾಸಿ ಭಾರತೀಯ ದಿವಸ’ವೆಂದು ಆಚರಿಸುತ್ತಿದ್ದು, ಕನ್ನಡದ ಕಿವಿಗೆ ಅದು ಇಂದಿಗೂ ಊರು ನೋಡುವ ಭಾರತೀಯರ ದಿನವೆಂದೇ ಕೇಳಿಸುತ್ತದೆ. 1914ರ ಜುಲೈಯಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟಾಗ ಅವರು ಮೂವರಿದ್ದರು. ಕಿರಿಯ ಮಕ್ಕಳು ಫೀನಿಕ್ಸ್ ಆಶ್ರಮದವರೊಡನೆ ಬೇರೆಯಾಗಿ ಭಾರತಕ್ಕೆ ಬಂದು ಶಾಂತಿನಿಕೇತನದಲ್ಲಿ ಉಳಿದರೆ, ದಂಪತಿಯ ಜೊತೆ ಲಂಡನ್ನಿನವರೆಗೆ ಬಂದವನು ಗೆಳೆಯ ಹರ್ಮನ್ ಕ್ಯಾಲೆನ್‌ಬಾಕ್. ಅಷ್ಟರಲ್ಲಿ ಮಹಾಯುದ್ಧ ಆರಂಭವಾಗಿ, ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಅವನಿಗೆ ಮುಂದಿನ ಹಡಗು ಹತ್ತಲು ಅನುಮತಿ ಸಿಗಲಿಲ್ಲ. ಅವನು ಭಾರತವನ್ನು ನೋಡಿದ್ದು 1937ರಲ್ಲಿ.