ಲಿಪಿಡ್ ಪೊರೆಯ ಅಣುಚಲನ ಅನುಕರಣೆ

ಲಿಪಿಡ್ ಅಂದರೆ ಕೊಬ್ಬಿನ ವರ್ಗದ ಅಣುಗಳಿಂದಾದ, ಭಿನ್ನ ರಚನೆಯ ವಲಯಗಳುಳ್ಳ ಪೊರೆಯಲ್ಲಿ ಸಾವಯವ ಅಣುಗಳು ಎಲ್ಲಿ, ಹೇಗೆ ನೆಲೆಗೊಳ್ಳುತ್ತವೆಂಬುದನ್ನು ಕಂಪ್ಯೂಟರಿನ ಲೆಕ್ಕದಿಂದ ನಿರೂಪಿಸುವ ವಿಧಾನ. ಪರಮಾಣುಗಳ ನಡುವಣ ಬಲಗಳನ್ನು ಗಣಿಸಿ, ನ್ಯೂಟನ್ನನ ಚಲನ ಸಮೀಕರಣಗಳನ್ನು ಸುಮಾರು 2 ಫೆಮ್ಟೊಸೆಕೆಂಡುಗಳ, ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಎರಡು ಭಾಗದಷ್ಟು ಕಾಲದ, ಹೆಜ್ಜೆಗಳಲ್ಲಿ ಬಿಡಿಸುತ್ತ ಹೋಗುವುದು ಇದರ ಕ್ರಮ. ಇದಕ್ಕೆ ಮೂಲವಾದ ಅಣುಚಲನ ಗಣನೆಯನ್ನು ಆಲ್ಡರ್ ಮತ್ತು ವೈನ್‌ರೈಟ್ 1957ರಲ್ಲಿ ಗಟ್ಟಿಗೋಳಗಳ ಮಾದರಿಗೆ ಅನ್ವಯಿಸಿದರು. ವಲಯಗಳು ರೂಪುಗೊಳ್ಳಲು ಬೇಕಾಗುವ ದೀರ್ಘ ಅವಧಿಯನ್ನು ಪರಮಾಣು ಮಟ್ಟದಲ್ಲಿ ಲೆಕ್ಕಹಾಕುವುದು ಬಲು ದುಬಾರಿಯಾದ್ದರಿಂದ, ನೆದರ್‌ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮಾರಿಂಕ್ ಮತ್ತು ಸಂಗಡಿಗರು ರೂಪಿಸಿದ ‘ಮಾರ್ಟಿನಿ’ ಮಾದರಿ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಹೈಡ್ರೋಜನ್ ಬಿಟ್ಟು ಸರಾಸರಿ ನಾಲ್ಕು ಪರಮಾಣುಗಳನ್ನು ಒಂದು ಮಣಿಯಾಗಿ ಪರಿಗಣಿಸಲಾಗುತ್ತದೆ. ಪರ್ಯಾಪ್ತ ಲಿಪಿಡ್, ಅಪರ್ಯಾಪ್ತ ಲಿಪಿಡ್ ಮತ್ತು ಕೊಲೆಸ್ಟರಾಲ್‌ಗಳ ಮಿಶ್ರಣವು ಸಾಂದ್ರವಾದ ಕ್ರಮಬದ್ಧ ವಲಯ ಹಾಗೂ ಸಡಿಲವಾದ ಅಕ್ರಮ ವಲಯಗಳಾಗಿ ತಾನಾಗಿ ಬೇರ್ಪಡುವುದು 2008ರಲ್ಲಿ ಈ ಮಾದರಿಯಲ್ಲಿ ಕಂಡುಬಂದಿತು. ಇಂಥ ಪೊರೆಗೆ ಸೇರಿಸಿದ ಸರಳ ಹೈಡ್ರೊಕಾರ್ಬನ್‌ಗಳ ವರ್ತನೆ ವಿಶೇಷ ಗಮನಾರ್ಹವಾದುದು: ಬೆಂಜೀನ್ ಬಗೆಯ ಉಂಗುರವಿಲ್ಲದವು ಎರಡು ವಲಯಗಳ ಅಂಚಿನಲ್ಲಿ ನಿಂತು ಅವುಗಳ ಬೆರಕೆಗೆ ಕಾರಣವಾದರೆ, ಅಂಥ ಉಂಗುರವುಳ್ಳವು ಅಕ್ರಮ ವಲಯವನ್ನು ಹೊಕ್ಕು, ಅಲ್ಲಿಂದ ಕೊಲೆಸ್ಟರಾಲನ್ನು ಹೊರದೂಡಿ ಪ್ರತ್ಯೇಕತೆಯನ್ನು ಬಲಪಡಿಸುತ್ತವೆ. ಜೀವಕೋಶದ ಪೊರೆಯಲ್ಲಿ ಈ ವಲಯಗಳು ಬೆಳಕಿನ ಸೂಕ್ಷ್ಮದರ್ಶಕಕ್ಕೆ ನಿಲುಕದಷ್ಟು ಚಿಕ್ಕವಾದುದರಿಂದ, ಔಷಧಗಳೂ ಅರಿವಳಿಕೆ ದ್ರವ್ಯಗಳೂ ಪೊರೆಯ ಮೇಲೆ ಬೀರುವ ಪ್ರಭಾವದ ಅಧ್ಯಯನಕ್ಕೆ ಅನುಕರಣೆಯು ಅತ್ಯಂತ ಉಪಯುಕ್ತವಾದ ಸಾಧನವಾಗಿದೆ.